ಕಲ್ಲಿನ ಮಾತು ಕೇಳುವ ಬೀಗರು

ನಮ್ಮ ಬೀಗರ ಹತ್ತಿರ ಕಲ್ಲು ಮಾತಾಡುತ್ತದೆ! ಇದು ನಾನು ಕಟ್ಟಿದ ಕಥೆಯಲ್ಲ, ಅವರೇ ಹೇಳುವುದು. ಮಾತಾಡಲಿ, ಬೇಡವೆಂದವರು ಯಾರು? ಆದರೆ ಬಾಗಲೂರಿನಲ್ಲಿ ಕಲ್ಲು ಕೆತ್ತುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಅವರು ರಾಯಕೋಟೆಯಲ್ಲಿ ಕುಲುಮೆ ಊದುವ ಕಮ್ಮಾರರು. ನನ್ನ ಮುಂದೆ ತುಟಿ ಬಿಚ್ಚದ ಕಲ್ಲು ಅವರ ಹತ್ತಿರ ಹರಟೆ ಹೊಡೆಯುವುದೆಂದರೆ ಹೊಟ್ಟೆ ಉರಿಯುವುದಿಲ್ಲವೇ?

ಈಗ ಅವರ ವಿಷಯ ಬರೆಯಲು ಕಾರಣ, ನಾನು ತಾತನಾಗಿದ್ದೇನೆ. ಮಗಳಿಗೆ ಮಗಳು! ಎದುರು ಸಿಕ್ಕವರಿಗೆಲ್ಲ ಹೇಳಿ ಮುಗಿಯಿತು. ಹಾಲಿನವಳಿಗಂತೂ ದಿನಾ ಹೇಳುತ್ತಿದ್ದೇನಂತೆ. ಇನ್ನು ಉಳಿದದ್ದು ಕಾಗದ ಒಂದೇ.

ಬೀಗರ ಸೊಂಟದಲ್ಲಿ ಸದಾ ಒಂದು ಚಿಕ್ಕ ಸುತ್ತಿಗೆ. ಕಲ್ಲು ಕಂಡಿತೋ, ಎಡಗೈಯನ್ನು ಅದರ ಮೇಲೆ ಊರಿ, ಬಲಗೈಯಿಂದ ಟಣ್ ಎಂದು ಒಂದು ಏಟು. ಹೊಸ್ತಿಲು, ಒರಳು, ಮೈಲಿಗಲ್ಲು, ಯಾವುದನ್ನೂ ಬಿಟ್ಟವರಲ್ಲ. ಒಮ್ಮೆ ಅರಳಿಕಟ್ಟೆಯ ಮೇಲೆ ಕೂತಿದ್ದ ಮುದುಕರನ್ನೆಲ್ಲ ಎಬ್ಬಿಸಿ, ಚಪ್ಪಡಿಗೆ ಬಡಿದು ನೋಡಿ, "ಕೂತ್ಕಳ್ಳಿ, ಗಟ್ಟಿ ಐತೆ" ಎಂದಿದ್ದರು!

ನಮ್ಮ ಕಸುಬಿನಲ್ಲಿ ಕಲ್ಲಿಗೂ ಗಂಡು ಹೆಣ್ಣು ಉಂಟು. ಬಡಿದಾಗ ದೊಡ್ಡ ಗಂಟೆಯ ಹಾಗೆ ಮೊಳಗಿದರೆ ಗಂಡು ಕಲ್ಲು. ತಾಳದ ಹಾಗೆ ಇಂಪಾಗಿ ನುಡಿದರೆ ಹೆಣ್ಣು ಕಲ್ಲು. ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದಿನ ಅನಾಹುತ ಅರ್ಥವಾಗದು.

ಅವರ ಮಗನಿಗೆ ನನ್ನ ಮಗಳನ್ನು ನೋಡಲು ಬಂದ ದಿನ. ಮಗಳು ತಾಂಬೂಲದ ತಟ್ಟೆ ಹಿಡಿದು ಜಗಲಿಗೆ ಬಂದಳು. ಬೀಗರು ಜಗಲಿಯ ಕಂಬದ ಮೇಲೆ ಅಂಗೈ ಊರಿ, ಬಡಿದು, ಕಣ್ಣು ಮುಚ್ಚಿಕೊಂಡಿದ್ದರು. ಒಳಬಾಗಿಲ ಮರೆಯಲ್ಲಿದ್ದ ನನ್ನ ಹೆಂಡತಿಗೆ ಅವರ ಮಾತು ಕೇಳಿಸಿತು, ಕಂಬ ಕಾಣಿಸಲಿಲ್ಲ.

"ಹೆಣ್ಣು ಚೆನ್ನಾಗೈತೆ."

ಹೆಂಡತಿಯ ಮುಖ ಅರಳಿತು.

"ಒಳ್ಳೆ ಕಂಠ."

ಇನ್ನೂ ಅರಳಿತು.

"ಸೊಂಟದ ತಾವ ಒಸಿ ಕೆತ್ತಿದ್ರೆ ಲಕ್ಷಣ ಬತ್ತಿತ್ತು. ಯಾವ ಬಂಡೇಲಿ ತಗಂಡ್ರಿ?"

ಆ ಮದುವೆ ನಡೆದದ್ದೇ ದೊಡ್ಡದು! "ನನ್ನ ಮಗಳನ್ನ ಯಾವ ಬಂಡೇಲಿ ತಗಂಡ್ರಿ ಅಂದೋರು" ಎಂಬುದು ಅಂದಿನಿಂದ ನಮ್ಮ ಮನೆಯಲ್ಲಿ ಬೀಗರ ಹೆಸರಾಯಿತು.

ಮಗಳು ಹೆರಿಗೆಗೆ ನಮ್ಮಲ್ಲಿಗೆ ಬಂದಳು. ಅವಳನ್ನು ತೂಗಿದ ಮರದ ತೊಟ್ಟಿಲನ್ನೇ ಹೆಂಡತಿ ತೊಳೆದು ಇಟ್ಟಿದ್ದಳು. ಅಷ್ಟರಲ್ಲಿ ಬೀಗರು ಗಾಡಿ ತುಂಬ ಹಳೇ ಕಬ್ಬಿಣ ಹೇರಿಕೊಂಡು ಬಂದಿಳಿದರು.

"ಮರದ್ದು ಬ್ಯಾಡ. ಕಂಬ ಕಲ್ಲಿಂದು, ನೀವು ಕೆತ್ತಿ. ತೊಟ್ಲು ಕಬ್ಬಿಣದ್ದು, ನಾನು ಬಡೀತೀನಿ."

"ಹಸುಗೂಸಿಗೆ ಕಬ್ಬಿಣದ ತೊಟ್ಲಾ?" ಹೆಂಡತಿ ಸೆರಗು ಬಿಗಿದಳು. "ಅದೇನು ಮಗೂನೋ, ಕಳ್ಳನೋ? ಕಟ್ಟೋಕಾದ್ರೂ ನೂಲಿನ ಹಗ್ಗ ಹಾಕ್ಸಿ."

"ಹಗ್ಗ ಬ್ಯಾಡ. ಸರಳು."

"ಯಾಕೆ ಬೀಗ್ರೇ?" ಎಂದೆ ನಾನು.

"ಹಗ್ಗ ಮೂಗ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಹೆಂಡತಿ ಮಾತ್ರ ನಗಲಿಲ್ಲ. "ಹೆಸರಿಡೋ ದಿನಕ್ಕೆ ಕಲ್ಲು ಬಿರುಕು ಬಿಟ್ರೆ, ಕಬ್ಬಿಣ ಒಂದು ಕೂದ್ಲೆಳೆ ಅಲ್ಲಾಡಿದ್ರೆ, ಮಗು ಮರದ ತೊಟ್ಲಿಗೇ" ಎಂದಳು. ಬೀಗರ ಮುಖ ಬಾಡಿಹೋಯಿತು. ತೊಟ್ಟಿಲಿಗಾಗಿ ಈ ಪಾಟಿ ಬಾಡುವವರೂ ಇದ್ದಾರೆಯೇ!

ಹೆಣ್ಣು ಕಲ್ಲಿನಲ್ಲೇ ಎರಡು ಕಂಬ ಕಡೆದೆ, ತಲೆಯ ಮೇಲೆ ಒಂದೊಂದು ಕಳಶ. ಆ ಕಳಶಗಳಿಂದ ಬಳ್ಳಿಗಳು ಹುಟ್ಟಿ, ನಡುವೆ ಬಂದು ಹೆಣೆದುಕೊಳ್ಳಬೇಕು, ಅಲ್ಲಿಂದ ಸರಳಿನಲ್ಲಿ ತೊಟ್ಟಿಲು ತೂಗಬೇಕು. ಬಳ್ಳಿ ಅವರ ಪಾಲು. ಯುದ್ಧದ ಕಾಲ, ಹೊಸ ಕಬ್ಬಿಣ ಕಣ್ಣಿಗೆ ಬೀಳದು. ಸವೆದ ನೇಗಿಲ ಗುಳ, ಗಾಡಿಚಕ್ರದ ಪಟ್ಟಿ, ಇವೇ ಕಾದು, ಏಟು ತಿಂದು, ಎಲೆಯಾದವು, ಕುಡಿಯಾದವು, ಗಿಣಿಯೂ ಆದವು. ಬೀಗರು ಕಬ್ಬಿಣವನ್ನು ತೆಲುಗಿನಲ್ಲಿ ಬೈದು, ತಮಿಳಿನಲ್ಲಿ ಸಮಾಧಾನ ಮಾಡಿ, ಕನ್ನಡದಲ್ಲಿ ಕೆಲಸ ತೆಗೆಯುತ್ತಿದ್ದರು.

"ಬೀಗ್ರೇ, ಗಿಣಿಗೆ ನಿಮ್ಮ ಮೂಗೇ ಬಂದೈತೆ" ಎಂದೆ.

"ಅದ್ಕೇ ಅಷ್ಟು ಲಕ್ಷಣವಾಗೈತೆ!"

ಈ ನಡುವೆ ಮಗುವೂ ಹುಟ್ಟಿತು. ಕೊನೆಗೆ ಬೆಸುಗೆ. ಕಲ್ಲಿನಲ್ಲಿ ಬಾಯಿ ಕಿರಿದು, ಒಳಗೆ ಅಗಲವಾದ ಕುಳಿ ತೋಡಿದ್ದೆ. ಬಳ್ಳಿಯ ಬುಡವನ್ನು ಅದರಲ್ಲಿ ನಿಲ್ಲಿಸಿ, ಸುತ್ತ ಕರಗಿದ ಸೀಸ ಹೊಯ್ಯಬೇಕು. ಬೀಗರು ನನಗೆ ಬೆನ್ನು ಹಾಕಿ, ಇಕ್ಕಳದಲ್ಲಿ ಸೀಸದ ಸೌಟು ಹಿಡಿದು ಬೆಂಕಿಯ ಮುಂದೆ ಕೂತಿದ್ದರು.

"ಸೀಸ ಕಾದೈತಾ?" ಎಂದು ಕೂಗಿದೆ.

"ಸೊಸೆ ಕಾದವ್ಳಾ? ಮೊದ್ಲೇ ಹೇಳ್ಬಾರ್ದಾ!" ಸೌಟನ್ನು ನೆಲದ ಮೇಲಿಟ್ಟು ಒಳಗೆ ಓಡಿದರು. "ಏನವ್ವಾ, ಕರ್ದೆಯಂತೆ?" ಹಾಲೂಡಿಸುತ್ತಿದ್ದ ಮಗಳು ಕಕ್ಕಾಬಿಕ್ಕಿ. ಬೀಗರು ತಿರುಗಿ ಬರುವಷ್ಟರಲ್ಲಿ ಸೀಸ ಸೌಟಿನಲ್ಲೇ ಗಟ್ಟಿ!

ಮತ್ತೆ ಕಾಯಿಸಿ ಹೊಯ್ದರು. ಕಲ್ಲು ಬಿರಿಯಲಿಲ್ಲ. ಹೆಂಡತಿ ಹಿಡಿದು ಅಲ್ಲಾಡಿಸಿದಳು, ಕಬ್ಬಿಣ ಮಿಸುಕಲಿಲ್ಲ. "ಭಾರ ಬಿದ್ದಾಗ ಗೊತ್ತಾಗ್ತದೆ" ಎಂದಳು. ತಗೋ, ಬೀಗರೇ ತೊಟ್ಟಿಲು ಹತ್ತಿ, ಮಂಡಿ ಮಡಚಿ ಮಲಗಿಬಿಟ್ಟರು! ಅದೇ ಹೊತ್ತಿಗೆ ಡೆಂಕಣಿಕೋಟೆಯಿಂದ ನಮ್ಮ ಸೋದರತ್ತೆ ಬರಬೇಕೇ? ತೊಟ್ಟಿಲೊಳಗಿನ ಮೀಸೆಯನ್ನು ಬಗ್ಗಿ ನೋಡಿ, "ಕೂಸು ಅವ್ರ ತಾತನಂಗೇ ಐತೆ ಕಣ್ಲಾ" ಎಂದರು.

ಹೆಸರಿಡುವ ದಿನ ಬಂತು. ಮುತ್ತೈದೆಯರು ಹಾಡು ಹೇಳಿ ಮಗುವನ್ನು ಮಲಗಿಸಿದರು. ಬೆನ್ನು ತಾಗಿತೋ ಇಲ್ಲವೋ, ಕಾಲು ಝಾಡಿಸಿ ಕಿಟಾರನೆ ಕಿರುಚಿಕೊಂಡಿತು. "ನಾ ಅಂದಿರ್ಲಿಲ್ವಾ!" ಎಂದು ಹೆಂಡತಿ ಮಗುವನ್ನು ಎತ್ತಲು ನುಗ್ಗಿದಳು.

"ಇರ್ರವ್ವಾ, ಒಂದು ಗಳಿಗೆ."

ಬೀಗರು ಸೊಂಟದ ಸುತ್ತಿಗೆ ತೆಗೆದು ಹೊಸ್ತಿಲ ಆಚೆ ಇಟ್ಟು ಬಂದರು. ತೊಟ್ಟಿಲ ಕಂಬದ ಮೇಲೆ ಅಂಗೈ ಊರಿದರು. ಆಮೇಲೆ ಕೆನ್ನೆಯನ್ನೂ ಊರಿ ಕಣ್ಣು ಮುಚ್ಚಿದರು.

ಮಗಳು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು. "ಅಪ್ಪಾ, ಮಾವ್ನಿಗೆ ಕಿವಿ ಮುಕ್ಕಾಲು ಹೋಗ್ಬುಟ್ಟೈತೆ. ಬಡ್ದೂ ಬಡ್ದೂ ಹೋಗಿರಾದು. ತುಟಿ ನೋಡ್ಕಂಡು ಮಾತಾಡ್ತಾರೆ. ಯಾರ್ಗೂ ಹೇಳ್ಬ್ಯಾಡ ಅಂದಿದ್ರು."

ಮೆಲ್ಲಗೆ ಹೇಳಿದ್ದು ಅವಳಮ್ಮನಿಗೂ ಕೇಳಿಸಿತು. ಎತ್ತಲು ಚಾಚಿದ ಅವಳ ಕೈಗಳು ಅಲ್ಲೇ ನಿಂತವು.

ಮಗುವಿನ ಕೂಗು ತೊಟ್ಟಿಲಿನಿಂದ ಸರಳಿಗೆ, ಸರಳಿನಿಂದ ಬಳ್ಳಿಗೆ, ಬಳ್ಳಿಯಿಂದ ಸೀಸ ದಾಟಿ ನನ್ನ ಕಲ್ಲಿಗೆ, ಕಲ್ಲಿನಿಂದ ಅವರ ಕೆನ್ನೆಗೆ. ಹಗ್ಗ ಮೂಗ ಅಂದಿದ್ದರಲ್ಲವೇ?

"ಹೆಣ್ಣು ಚೆನ್ನಾಗೈತೆ" ಎಂದರು ಬೀಗರು, ಕಣ್ಣು ಮುಚ್ಚಿಕೊಂಡೇ. "ಒಳ್ಳೆ ಕಂಠ."

ಅವರು ಕಣ್ಣು ತೆರೆಯುವ ತನಕ ನನ್ನ ಹೆಂಡತಿ ಕಾದಳು. ಎದುರಿಗೆ ಹೋಗಿ ನಿಂತು, ತುಟಿ ಬಿಡಿಸಿ ನಿಧಾನವಾಗಿ ಕೇಳಿದಳು.

"ಯಾವ ಬಂಡೇಲಿ ತಗಂಡ್ರಿ, ಬೀಗ್ರೇ?"