ಕಂಪಾಸಿಟರ್ ಸೇರಿಸಿದ ‘ಎ’

ಇಂಗ್ಲಿಷ್ ಮೇಷ್ಟ್ರ ಬೀಳ್ಕೊಡುಗೆಗೆ ಹೆಡ್‌ಮಾಸ್ಟರು ಬರೆದು ಕಳಿಸಿದ ಇಂಗ್ಲಿಷ್ ಅಭಿನಂದನಾ ಪತ್ರದಲ್ಲಿ ‘ಎ’ ಎಂಬ ಅಕ್ಷರ ಬಿಟ್ಟುಹೋಗಿದೆ ಎಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಂಪಾಸಿಟರನಿಗೆ ಅನ್ನಿಸಿದಾಗ ಬೆಳಿಗ್ಗೆ ಹತ್ತು ಗಂಟೆ. ಸಮಾರಂಭ ಸಂಜೆ ನಾಲ್ಕಕ್ಕೆ.

ಮೇಷ್ಟ್ರ ದೋಷ, ಸಿಟ್ಟುಗಳ ಬಗ್ಗೆ ‘ಫ್ಯೂ ಫಾಲ್ಟ್ಸ್, ಲಿಟ್ಲ್ ಆಂಗರ್’ ಎಂದಿತ್ತು. ಸೀಸದ ಮೊಳೆಗಳ ಮೇಲೆ ಅವನ ಕೈ ನಿಂತೇಬಿಟ್ಟಿತು. ಮೂವತ್ತು ವರ್ಷದ ಹಿಂದಿನ ತರಗತಿ ಕಣ್ಣಿಗೆ ಕಟ್ಟಿತು. ಮೇಷ್ಟ್ರು ಆಗ ಹೊಸಬರು. ಮೇಜಿನ ಮೇಲೆ ಒಂದು ಹಿಡಿ ಸೀಮೆಸುಣ್ಣದ ಚೂರು, ಪಕ್ಕದಲ್ಲಿ ಒಂದು ಹೂಜಿ ನೀರು.

“ಚೂರು ಎಣಿಸಬಹುದು, ಅದಕ್ಕೆ ಮೆನಿ. ನೀರು ಎಣಿಸೋಕಾಗಲ್ಲ, ಅದಕ್ಕೆ ಮಚ್. ಬರೀ ಫ್ಯೂ ಅಂದ್ರೆ ಇಲ್ಲ ಅನ್ನೋವಷ್ಟು ಕಮ್ಮಿ. ಮುಂದೆ ಎ ಹಾಕಿದ್ರೆ ಒಂದಷ್ಟು ಇದೆ ಅಂತ. ಲಿಟ್ಲ್‌ಗೂ ಹಾಗೇ.”

ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಕಂಪಾಸಿಟರನಿಗೆ ಆಗ ದಕ್ಕಿದ್ದು ಇಷ್ಟೇ: ‘ಎ’ ಇದ್ದರೆ ಮರ್ಯಾದೆ, ಇಲ್ಲದಿದ್ದರೆ ಅವಮಾನ.

“ನಮ್ಮ ಮೇಷ್ಟ್ರಿಗೆ ಯಾವುದಾದ್ರೂ ಯಾಕೆ ಕಮ್ಮಿ ಮಾಡ್ಬೇಕು?” ಎಂದು ಪ್ರೂಫ್ ನೋಡುವವನನ್ನು ಕೇಳಿದ.

ಅವನು ಕನ್ನಡಕವನ್ನು ಹಣೆಗೇರಿಸಿ, “ಹೆಡ್‌ಮಾಸ್ಟ್ರು ಲೆಕ್ಕ ಕಲಿಸೋರು, ಅವರಿಗೇನು ಗೊತ್ತು. ಹಾಕು,” ಎಂದ. ಎರಡು ‘ಎ’ ಬಿದ್ದವು.

ಅಂಟಿನ ಕೈಯಲ್ಲೇ ಬಂದ ಬೈಂಡರಕ್ಕ ಇಣುಕಿದಳು. “ಇಲ್ಲೇನು, ಮಚ್ ಅಡ್ವೈಸ್? ಊರಿಗೆಲ್ಲ ಬುದ್ಧಿ ಹೇಳಿದೋರು ಅವರು. ಒಂದೇ ಅಡ್ವೈಸ್ ಹಾಕಿದೀಯಲ್ಲ, ಜಿಪುಣ.”

ಅದೂ ನ್ಯಾಯವೇ ಎನ್ನಿಸಿತು. ‘ಮೆನಿ ಅಡ್ವೈಸಸ್’ ಆಯಿತು. ಪ್ರೆಸ್ಸಿನ ಯಜಮಾನರು ದೂರದಿಂದಲೇ ನೋಡಿ, “ಪುಟ ತುಂಬಿದ ಹಾಗೆ ಕಾಣ್ತಿದೆ, ಅಚ್ಚು ಹೊಡಿ,” ಎಂದರು.

ಸಂಜೆ ಶಾಲೆಯ ಹಾಲಿನಲ್ಲಿ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು ಓದತೊಡಗಿದರು. ‘ಎ ಫ್ಯೂ ಫಾಲ್ಟ್ಸ್, ಎ ಲಿಟ್ಲ್ ಆಂಗರ್’ ಬಂದಾಗ ಅವರ ದನಿ ಒದ್ದೆ ಬಟ್ಟೆಯಂತೆ ಜೋತುಬಿತ್ತು. ದೋಷ, ಸಿಟ್ಟು ಇಲ್ಲವೆನ್ನುವಷ್ಟು ಕಡಿಮೆ ಎಂದು ಬರೆದದ್ದು, ಒಂದಷ್ಟು ದೋಷವೂ ತಕ್ಕಮಟ್ಟಿಗೆ ಸಿಟ್ಟೂ ಇತ್ತು ಎಂದಾಗಿಹೋಗಿತ್ತು. ಕಂಪಾಸಿಟರನಿಗೆ ಉಳಿದರ್ಧ ಪಾಠ ಆಗ ಅರ್ಥವಾಯಿತು. ಅವನ ಅಕ್ಕಪಕ್ಕ ಕೂತಿದ್ದ ಪ್ರೂಫಿನವನೂ ಬೈಂಡರಕ್ಕನೂ ಎರಡೆರಡು ಕುರ್ಚಿ ದೂರ ಸರಿದರು.

ಮೇಷ್ಟ್ರು ಕಾಗದ ಇಸಿದುಕೊಂಡು ಎರಡು ಸಲ ಓದಿದರು. “ಜೋಡಿಸಿದ್ದು ಯಾರು?”

ನಲವತ್ತೆರಡರ ಕಂಪಾಸಿಟರ್ ಕೈ ಹಿಂದೆ ಕಟ್ಟಿಕೊಂಡು ಎದ್ದುನಿಂತ.

“ನೀನೇನೋ,” ಎಂದರು ಮೇಷ್ಟ್ರು ಮೆಲ್ಲಗೆ. “ದೋಷಾನೂ ಇತ್ತು, ಸಿಟ್ಟೂ ಇತ್ತು. ನಿನ್ನ ಕಿವಿ ಎಷ್ಟು ಸಲ ಹಿಂಡಿದೀನಿ, ನಂಗೂ ನೆನಪಿದೆ. ಇದು ನಿಜ, ಹೀಗೇ ಇರ್ಲಿ.”

ಅವನ ಕಣ್ಣು ತುಂಬಿ ಬಂತು. ಹೋದ ಜೀವ ಬಂದಂತಾಯಿತು.

“ಆದ್ರೆ ಮೆನಿ ಅಡ್ವೈಸಸ್ ಅಂದ್ರೇನೋ? ಇಂಗ್ಲಿಷಲ್ಲಿ ಬುದ್ಧಿವಾದಾನ ಎಣಿಸೋಕಾಗಲ್ಲ. ನಾಳೆಯಿಂದ ನಂಗೆ ಬಿಡುವು. ದಿನಾ ಸಂಜೆ ಐದಕ್ಕೆ ಮನೆಗೆ ಬಾ, ಮೊದಲಿಂದ ಶುರು ಮಾಡೋಣ.”

ಬೈಂಡರಕ್ಕ ಛಾವಣಿ ನೋಡುತ್ತಿದ್ದಳು. ಮೇಷ್ಟ್ರನ್ನು ಮೆಚ್ಚಿಸಲೇಬೇಕೆಂದು ಕಂಪಾಸಿಟರ್ ತನ್ನಲ್ಲಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿದ.

“ಹೌ ಮಚ್ ಡೇಸ್, ಸರ್?”

ಮೇಷ್ಟ್ರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು.

“ಒಂದು ತಿಂಗಳು ಸಾಕು ಅಂದ್ಕೊಂಡಿದ್ದೆ,” ಎಂದರು. “ಒಂದು ವರ್ಷ ಬಾ.”