ಬಗ್ಗಿದರೆ ತಿಳಿಯುವ ಕಾಯಿಲೆ

ನರ್ಸ್ ಕೆಲಸದಲ್ಲಿ ಸೂಜಿ, ಮಾತ್ರೆ, ಬಾಣಂತಿ, ಕೂಸು ಎಲ್ಲ ನೋಡಿದ್ದೇನೆ. ಆದರೆ ನಗುವಂಥದ್ದು ನಡೆದಾಗಲೆಲ್ಲ ನಡುವೆ ಒಂದು ಮೂಗು ಇದ್ದೇ ಇರುತ್ತದೆ. ತೆಲುಗು ಗಡಿಯ ರಾಯದುರ್ಗದ ಕಡೆ ಇದ್ದಾಗಲೂ ಅಷ್ಟೇ, ಮಡಕಶಿರಾಕ್ಕೆ ವರ್ಗವಾದ ಮೇಲೂ ಅಷ್ಟೇ.

ಪೊಟ್ಟಣದ ಹಲ್ಲು

ಕಣೇಕಲ್ಲಿನ ಭತ್ತದ ರೈತನೊಬ್ಬ ಮೇಲಿನ ದವಡೆ ನೋಯುತ್ತದೆ ಎಂದು ಎರಡು ಹಲ್ಲು ಕೀಳಿಸಿಕೊಂಡಿದ್ದ. ಹಲ್ಲು ಗಟ್ಟಿ ಇವೆಯಲ್ಲಪ್ಪ ಎಂದು ಹಲ್ಲಿನ ಡಾಕ್ಟರು ಹೇಳಿದರೂ ಹಟ ಹಿಡಿದು ಕೀಳಿಸಿಕೊಂಡನಂತೆ. ನೋವು ಮಾತ್ರ ಹೋಗಲಿಲ್ಲ. ಕೊನೆಗೆ ನಮ್ಮ ಆಸ್ಪತ್ರೆಗೆ ಬಂದ. ಹದಿನೈದು ದಿನದ ನೆಗಡಿ, ಹಳದಿ ಹಸಿರು ಗಟ್ಟಿ ಸಿಂಬಳ, ಕೆನ್ನೆ ಮುಟ್ಟಿದರೆ ನೋವು, ಬಗ್ಗಿದರೆ ಮುಖವೆಲ್ಲ ಭಾರ. ನಮ್ಮ ಡಾಕ್ಟರು ನೋಡಿ, ಇದು ಸೈನಸ್, ಮೂಗಿನ ಪಕ್ಕದ ಪೊಳ್ಳಿನಲ್ಲಿ ಕೀವು ಕಟ್ಟಿದೆ, ಆ ನೋವೇ ಹಲ್ಲಿಗೆ ಇಳಿದಿದೆ, ಹಲ್ಲಿನದೇನೂ ತಪ್ಪಿಲ್ಲ ಎಂದರು. ಅವನು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ.

"ತಪ್ಪಿಲ್ಲ ಅಂದ್ರ ತಿರುಗಿ ಕೂಡಿಸಿಬಿಡ್ರಿ."

ನನಗೆ ನಗು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಾನು ಓಡಾಡುವ ಊರುಗಳಲ್ಲಿ ಇನ್ನೊಂದು ಒಳ್ಳೆಯ ಹಲ್ಲು ಹೀಗೆ ಹೋಗಕೂಡದು ಎಂದು ಅವತ್ತೇ ತೀರ್ಮಾನಿಸಿದೆ. ಕಂಡವರಿಗೆಲ್ಲ ನಾಲ್ಕು ಪ್ರಶ್ನೆ ಹಾಕತೊಡಗಿದೆ. ನೆಗಡಿ ಹತ್ತು ದಿನ ದಾಟಿತೇ? ಸಿಂಬಳ ಯಾವ ಬಣ್ಣ? ವಾಸನೆ ತಿಳಿಯುತ್ತದೆಯೇ? ಬಗ್ಗಿದರೆ ಮುಖ ಸಿಡಿಯುತ್ತದೆಯೇ? ಜನ ನನ್ನನ್ನು ಕಂಡರೆ ಮೂಗು ಒರೆಸಿಕೊಂಡು ಬೇರೆ ಓಣಿ ಹಿಡಿಯುತ್ತಿದ್ದರು. ನಾನೂ ಬಿಡಲಿಲ್ಲ, ಆ ಓಣಿಗೂ ಹೋದೆ.

ಒಂದೇ ಆಟೋದಲ್ಲಿ ಇಬ್ಬರು

ಭೈರವಾನಿತಿಪ್ಪದ ಹತ್ತಿರ ಕುರಿ ಕಾಯುವವನೊಬ್ಬ ಹಣೆಗೆ ಟವೆಲ್ ಬಿಗಿದುಕೊಂಡು ನಿಂತಿದ್ದ. ತಿಂಗಳಿಂದ ತಲೆನೋವು, ಬಿಸಿಲಿಗೆ ಬಂದದ್ದು ಎಂದ. ನನ್ನ ಪ್ರಶ್ನೆ ಶುರುವಾಗುವ ಮೊದಲೇ ಮಂದೆಯೊಳಗೆ ನುಗ್ಗಿ ಒಂದು ಕುರಿಯನ್ನು ಎಳೆದು ತಂದು ನನಗೇ ತೋರಿಸಿದ. ಎರಡು ದಿನದಿಂದ ಇದು ತಲೆ ತಗ್ಗಿಸಿ ಮೇಯುತ್ತಿಲ್ಲ, ಮೂಗಿನಲ್ಲಿ ಗಟ್ಟಿ ಸಿಂಬಳ, ನಾಳೆಯೇ ದನದ ಡಾಕ್ಟರಿಗೆ ತೋರಿಸಬೇಕು ಎಂದ. ಅವನ ಮೂಗಿನಲ್ಲೂ ಅದೇ ಸಿಂಬಳ, ಅದೇ ಬಣ್ಣ. ಕುರಿಯದು ಎರಡೇ ದಿನಕ್ಕೆ ತಿಳಿಯಿತು, ನಿನ್ನದು ತಿಂಗಳಾದರೂ ಯಾಕೆ ತಿಳಿಯಲಿಲ್ಲ ಎಂದು ಗದರಿದೆ.

"ಕುರಿ ಮಕ ದಿನಾ ನೋಡ್ತೀನ್ರಿ. ನನ್ನ ಮಕ ನಾ ಎಲ್ಲಿ ನೋಡ್ಲಿ?"

ಮರುದಿನ ಅವನೂ ಕುರಿಯೂ ಒಂದೇ ಆಟೋದಲ್ಲಿ ಬಂದರು. ಮೊದಲು ಡಾಕ್ಟರಿಗೆ ತೋರಿಸಿದ್ದು ಕುರಿಯನ್ನೇ.

ಬಗ್ಗದ ಅಳಿಯ

ಮಡಕಶಿರಾಕ್ಕೆ ಬಂದ ಮೇಲೆ ಅಗಳಿಯ ಒಂದು ಮನೆಗೆ ಲಸಿಕೆ ಹಾಕಲು ಹೋಗಿದ್ದೆ. ಅಂದು ಹಬ್ಬಕ್ಕೆ ಹೊಸ ಅಳಿಯ ಬಂದಿದ್ದ. ಅತ್ತೆಯ ಕಾಲಿಗೆ ಬೀಳದೆ, ಕಂಬದ ಹಾಗೆ ನೆಟ್ಟಗೆ ನಿಂತೇ ಕೈ ಮುಗಿದಿದ್ದ. ಅಷ್ಟಕ್ಕೇ ಅತ್ತೆ ಮಾತು ಬಿಟ್ಟಿದ್ದರು, ಮಗಳು ಮೂಲೆಯಲ್ಲಿ ಅಳುತ್ತಿದ್ದಳು, ಸಂಬಂಧ ಮಾಡಿಸಿದ ಹಿರಿಯರಿಗೆ ಹೇಳಿಕಳಿಸಿದ್ದೂ ಆಗಿತ್ತು. ನಾನು ಅಳಿಯನ ಮುಖ ನೋಡಿದೆ. ಕಣ್ಣಿನ ಕೆಳಗೆ ಊತ, ಮಾತೆಲ್ಲ ಮೂಗಿನಲ್ಲಿ. ಪಕ್ಕಕ್ಕೆ ಕರೆದು ನಾಲ್ಕು ಪ್ರಶ್ನೆ ಕೇಳಿದೆ.

"ಬಗ್ಗಿದ್ರೆ ಹಣೆ ಒಡ್ದೋಗಂಗಾಗ್ತೈತೆ ಸಿಸ್ಟ್ರಮ್ಮ. ಕಾಯಿಲೆ ಗಂಡು ಅಂದ್ಕೊಂತಾರೆ ಅಂತ ಹೇಳ್ಲಿಲ್ಲ," ಎಂದ.

ಅಳಿಯನಿಗಿರುವುದು ಸೊಕ್ಕಲ್ಲ, ಸೈನಸ್ ಎಂದು ಅತ್ತೆಗೆ ತಿಳಿಸಿ, ನಾಲ್ಕೂ ಲಕ್ಷಣಗಳನ್ನು ಅವರಿಗೂ ಕಲಿಸಿದೆ. ಔಷಧಿ ಮುಗಿದ ಮೇಲೆ ಅಳಿಯ ಮತ್ತೆ ಬಂದು ಹಣೆ ನೆಲಕ್ಕೆ ತಾಗುವಂತೆ ಕಾಲಿಗೆ ಬಿದ್ದ. ಎದ್ದು ನಿಲ್ಲುವಷ್ಟರಲ್ಲಿ ಅತ್ತೆ ತಡೆದರು.

"ಅವತ್ತಿಂದು ಬಾಕಿ ಐತಲ್ಲಪ್ಪ, ಇನ್ನೊಂದ್ಸಲ ಬಗ್ಗು."

ಹಲ್ಲಿನ ಡಾಕ್ಟರ ಬೆಂಚು

ಮೊನ್ನೆ ಚಳಿಗಾಲದಲ್ಲಿ ನನ್ನ ಮೇಲಿನ ದವಡೆ ಹಲ್ಲು ನೋಯತೊಡಗಿತು. ಲವಂಗ ಕಚ್ಚಿದೆ, ಉಪ್ಪುನೀರು ಮುಕ್ಕಳಿಸಿದೆ, ಹೋಗಲಿಲ್ಲ. ಒಲೆಯ ಮೇಲೆ ಹಾಲು ಸೀದು ಪಾತ್ರೆ ಕರ್ರಗಾದರೂ ನನಗೆ ತಿಳಿಯಲಿಲ್ಲ, ಕೆಲಸದ ಚಿಂತೆ ಎಂದುಕೊಂಡೆ. ಕೊನೆಗೆ ಕೀಳಿಸಿಯೇಬಿಡೋಣ ಎಂದು ಮಡಕಶಿರಾದ ಹಲ್ಲಿನ ಡಾಕ್ಟರ ಬೆಂಚಿನಲ್ಲಿ ಹೋಗಿ ಕೂತೆ. ಪಕ್ಕದಲ್ಲೇ ಅಗಳಿಯ ಆ ಅತ್ತೆ, ಅಲುಗಾಡುವ ಹಲ್ಲು ಹಿಡಿದುಕೊಂಡು ಕೂತಿದ್ದರು.

ಕೀಳಿಸಲು ಬಂದೆ ಎಂದದ್ದೇ ತಡ, ನೆಗಡಿ ಎಷ್ಟು ದಿನದಿಂದ ಎಂದರು. ಹನ್ನೆರಡು ಎಂದೆ. ಬಣ್ಣ ಕೇಳಿದರು. ಅಷ್ಟು ಜನರ ಮುಂದೆ ಅದನ್ನೂ ಹೇಳಿದೆ. ವಾಸನೆ ಕೇಳಿದಾಗ ಸೀದ ಹಾಲಿನ ಕಥೆಯನ್ನೂ ಒಪ್ಪಿಸಿದೆ. ಅವರು ಸೆರಗು ಸರಿಮಾಡಿಕೊಂಡು ಎರಡೂ ಪಾದ ಮುಂದೆ ಚಾಚಿದರು.

"ಬಗ್ಗಮ್ಮ, ನೋಡಾನ."

ಬಗ್ಗಿದೆ. ಕೆನ್ನೆ ಸಿಡಿದ ನೋವಿಗೆ ಏಳಲಾಗದೆ ಅವರ ಪಾದ ಹಿಡಿದೇ ಉಳಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ, ಹಲ್ಲು ಚೆನ್ನಾಗಿದೆ, ಮೊದಲು ನಿಮ್ಮ ಡಾಕ್ಟರಿಗೆ ಮೂಗು ತೋರಿಸು ಎಂದರು. ನನ್ನ ಪಾಠದಿಂದ ನನ್ನದೇ ಹಲ್ಲು ಉಳಿಯಿತು. ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಇದನ್ನು ನೋಡುತ್ತಿದ್ದ ಬೆಂಚಿನವರಿಗೂ ತಮ್ಮ ಹಲ್ಲಿನ ಮೇಲೆ ಅನುಮಾನ ಬಂತು. ಒಬ್ಬೊಬ್ಬರಾಗಿ ಎದ್ದು ಪಕ್ಕದವರ ಕಾಲಿಗೆ ಬೀಳತೊಡಗಿದರು. ಅಷ್ಟರಲ್ಲಿ ಡಾಕ್ಟರು ಬಾಗಿಲು ತೆರೆದು, ಇಲ್ಲೇನು ಮದುವೆ ನಡೆಯುತ್ತಿದೆಯಾ ಎಂದು ತೆಲುಗಿನಲ್ಲಿ ಕೇಳಿದರು.

ಅತ್ತೆ ಪಾದ ಹಿಂದಕ್ಕೆ ತೆಗೆಯದೆ ಉತ್ತರ ಕೊಟ್ಟರು. "ಇಲ್ಲ ಸಾರ್, ಒಳಗೆ ಯಾರ್ನ ಕಳಿಸ್ಬೇಕು, ಯಾರ್ನ ವಾಪಸ್ ಕಳಿಸ್ಬೇಕು ಅಂತ ನೋಡ್ತಾ ಇದೀನಿ."