ಮನಿಲಾದಲ್ಲಿ ಬೀರದೇವನ ಪ್ರಾರ್ಥನೆ

ಬೇಡಕಿಹಾಳದ ಕುರಿಗಾರ ಬೀರದೇವನ ಮೊಬೈಲಿಗೆ ಬೆಳಿಗ್ಗೆ ಬಂದ ಸಂದೇಶವೇ ಅಂದಿನ ಅನರ್ಥಕ್ಕೆಲ್ಲ ಮೂಲ. ಹಿಂದಿನ ವರ್ಷ ಫಿಲಿಪೈನ್ಸಿನ ಸಿನಿಮಾದವರು ಬಂದು, ಅವನ ಅಂಗಿಗೆ ಅವರೆಕಾಳಿನಂಥ ಮೈಕು ಸಿಕ್ಕಿಸಿ, ಎರಡು ದಿನ ಕುರಿಗಳ ಹಿಂದೆ ಅಡ್ಡಾಡಿಸಿ ಹೋಗಿದ್ದರು. ಆ ಚಿತ್ರ ಈಗ ಅವರ ದೇಶದ ವಾರ್ಷಿಕ ಪ್ರಶಸ್ತಿಯ ಕೊನೆಯ ಸುತ್ತಿನಲ್ಲಿತ್ತು: ಅತ್ಯುತ್ತಮ ಧ್ವನಿಗ್ರಹಣ.

ಚಿತ್ರೀಕರಣ ನಡೆದದ್ದು ಕಬ್ಬಿನ ಸಾಹುಕಾರ ಅಣ್ಣಾಸಾಬರ ಬದುವಿನ ಮೇಲೆ. ಅವರು ಹಿಗ್ಗಿ ಹೀರೇಕಾಯಿಯಾದರು.

"ಬೀರ್ಯಾ, ಪ್ರಶಸ್ತಿ ಬಂತಂದ್ರ ಕಬ್ಬ ಕಡದ ಮ್ಯಾಲ ಎಂಟೂ ಎಕರೆದಾಗ ನಿನ್ನ ಕುರಿ ಮೇಯ್ಲಿ. ಹ್ವಾದ ವರ್ಷ ಹಂದಿ ಬಂದು ಅರ್ಧಾ ಎಕರೆ ಎಳೀ ಕಬ್ಬ ತಿಂದ ಹೋದ್ವು. ನಿನ್ನ ಕುರಿ ತಿಂದ್ರ ನನಗೇನ ಭಾರ?"

"ಹೌದ್ರಿ ಸಾವಕಾರ್ರ," ಎಂದ ಬೀರದೇವ ಯಾಕೋ ನೆಲ ನೋಡಿದ. ಆದರೂ ಎಂಟು ಎಕರೆ! ಬೇಸಿಗೆಯ ಮೇವಿನ ಚಿಂತೆಯೇ ಹರಿದಂತೆ.

ಮಧ್ಯಾಹ್ನದೊಳಗೆ ಫ್ಲೆಕ್ಸು ಎದ್ದಿತು. ಅದರಲ್ಲಿ ಅಣ್ಣಾಸಾಬರು ಆಳೆತ್ತರ, ಬೀರದೇವ ಅಂಚೆಚೀಟಿಯಷ್ಟು. ನೆರೆಮನೆಯ ಕಾಶಿಬಾಯಿ ಅವನ ಮುಖಕ್ಕೆ ಪೌಡರು ಬಳಿದು, "ನಗಬ್ಯಾಡೋ, ಉದುರತೈತಿ," ಎಂದು ಗದರಿದಳು. ಹೆಂಡತಿ ಕೆಂಪವ್ವ ದೃಷ್ಟಿ ತೆಗೆದಳು. ಸತ್ಕಾರದಲ್ಲಿ ತಲೆಗೆ ಸುತ್ತಲೆಂದು ನಿಪ್ಪಾಣಿಯಿಂದ ಕೇಸರಿ ಬಣ್ಣದ ಫೇಟಾ ಬಂತು.

ಪ್ರಶಸ್ತಿ ಸಮಾರಂಭ ಅಂದೇ: ಮನಿಲಾದಲ್ಲಿ ರಾತ್ರಿ ಏಳು, ಇಲ್ಲಿ ಸಂಜೆ ನಾಲ್ಕೂವರೆ. ಚಿಕ್ಕೋಡಿಯ ಕಾಲೇಜಿನಲ್ಲಿ ಇಂಗ್ಲಿಷು ಕಲಿಸುವ ಭರತ, ಊರವರೆಲ್ಲ ಸೇರಿದ್ದ ಅಣ್ಣಾಸಾಬರ ಪಡಸಾಲೆಯಲ್ಲಿ ಮೊಬೈಲನ್ನು ಟಿವಿಗೆ ಜೋಡಿಸಿದ. ಚಿಟ್ಟೆಯ ರೆಕ್ಕೆಯಂಥ ತೋಳಿನ ಉಡುಪು ತೊಟ್ಟ ನಿರೂಪಕಿ ಲಕೋಟೆ ಒಡೆದಳು.

"ಬಂತ್ರಿ, ನಮ್ಮದಕ್ಕ ಬಂತು!" ಭರತ ಕುಣಿದ. "ಈಗ ಸಿನಿಮಾದ ತುಣುಕು ತೋರಸ್ತಾರ. ಕೆಳಗ ಬರದಾರ ನೋಡ್ರಿ: ಕುರಿಗಾರ ಆಕಾಶಕ್ಕ ಸಲ್ಲಿಸೋ ಪ್ರಾರ್ಥನೆ!"

ಪರದೆಯ ಮೇಲೆ ಆಕಾಶ, ಮೋಡ. ಬೀರದೇವನ ಮುಖ ಎಲ್ಲೂ ಇಲ್ಲ. ಊಟದ ಹೊತ್ತಿನಲ್ಲಿ ಬಿಚ್ಚಲು ಮರೆತ ಮೈಕಿನಿಂದ ಬಂದ ಅವನ ದನಿ ಮಾತ್ರ ಸ್ಫಟಿಕದಂತೆ ಕೇಳಿಸಿತು:

"ತಿನ್ರಿ ನನ್ನವ್ವಗೋಳಿರಾ, ತಿನ್ರಿ! ಅಣ್ಣಾಸಾಬ ಕೋರ್ಟಿಗೆ ಹೋಗ್ಯಾನ. ಆ ಕಂಜೂಸ ಬರೂದ್ರಾಗ ಎಳೀ ಕಬ್ಬ ಮುಗಸ್ರಿ. ಕೇಳಿದ್ರ ಹಂದಿ ಅಂದ್ರಾತು!"

ಮನಿಲಾದ ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಬೇಡಕಿಹಾಳದಲ್ಲಿ ಎದ್ದು ನಿಂತವರು ಅಣ್ಣಾಸಾಬರೊಬ್ಬರೇ.

"ಡೈಲಾಗ್ರಿ ಸಾವಕಾರ್ರ... ಅವ್ರ ಬರದ ಕೊಟ್ಟಿದ್ದು," ಎಂದ ಬೀರದೇವ.

"ನಾ ಕಂಜೂಸ ಅಂತ ಫಿಲಿಪೈನ್ಸಿನವ್ರಿಗಿ ಯಾರ ಹೇಳಿದ್ರಲೇ?"

ಕಾಶಿಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಣ್ಣಾಸಾಬರ ತುಟಿಯೂ ಅದುರಿತು, ಆದರೆ ನಗಲಿಲ್ಲ. ಫೇಟಾ ಎತ್ತಿಕೊಂಡು ಬೀರದೇವನ ತಲೆಗೆ ಸುತ್ತುತ್ತ, ಪ್ರತಿ ಸುತ್ತಿಗೂ ಒಂದಿಷ್ಟು ಬಿಗಿದರು.

"ಮಾತ ಅಂದ್ರ ಮಾತ, ಬೀರಣ್ಣಾ. ನಿನ್ನ ಪಾಲಿನ ಮೇವು ಹ್ವಾದ ವರ್ಷನ ಮುಟ್ಟೇತಿ. ನಾಳಿಂದ ಕುರಿ ಮನ್ಯಾಗ ಬಿಟ್ಟು, ನನ್ನ ಕಬ್ಬ ಕಾಯಾಕ ಬಾ. ಹಂದಿ ಗುರ್ತ ಊರಾಗ ನಿನಗೊಬ್ಬಾಂವಗ ಐತಿ."